ಕಾಲು ಸುತ್ತು ಬಿಟ್ಟುಹೋದ ಪಾಠ

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಉಚ್ಚಿಲದ ನಮ್ಮ ಮನೆಯ ಜಗಲಿಗೆ ಟೈ ಕಟ್ಟಿದ ಹುಡುಗನೊಬ್ಬ ಬಂದ. ಬೆವರೊರೆಸಿಕೊಂಡು, ಒಂದು ಲೋಟ ನೀರು ಕುಡಿದು, ಬ್ಯಾಗಿನಿಂದ ಅಂಗೈಯಗಲದ ಬಿಳಿ ಡಬ್ಬಿಯೊಂದನ್ನು ಹೊರಗೆ ತೆಗೆದ. ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು, ಕರೆಂಟು ಬಿಲ್ಲು ಮೂರರಲ್ಲೊಂದು ಪಾಲು ಇಳಿಯುತ್ತದೆ ಎಂದ. ನಾನು ನಂಬಲಿಲ್ಲ. ಹಲಗೆಯೊಂದಕ್ಕೆ ಬಿಗಿದಿದ್ದ ಪುಟ್ಟ ಮೋಟಾರನ್ನೂ ಅದರ ಪಕ್ಕದ ಆಂಪಿಯರ್ ಮೀಟರನ್ನೂ ತೋರಿಸಿದ. ಮೋಟಾರು ತಿರುಗಿತು, ಮೀಟರಿನ ಮುಳ್ಳು ಮೇಲೆ ಹೋಗಿ ನಿಂತಿತು. ಡಬ್ಬಿ ಸಿಕ್ಕಿಸಿದ. ಹಸಿರು ದೀಪ ಹೊತ್ತಿತು, ಮುಳ್ಳು ಸರಕ್ಕನೆ ಕೆಳಗಿಳಿಯಿತು. ಮೋಟಾರಿನ ವೇಗ ಮಾತ್ರ ಹಾಗೆಯೇ ಇತ್ತು. ಕಣ್ಣಾರೆ ಕಂಡ ಮೇಲೆ ಇನ್ನೇನು? ದುಡ್ಡು ಕೊಟ್ಟು ಡಬ್ಬಿ ಇಟ್ಟುಕೊಂಡೆ.

ನಾನು ಮೂವತ್ತೊಂದು ವರ್ಷ ಪಿಯು ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಹೇಳಿಕೊಳ್ಳಲು ನಾಚಿಕೆಯೇ. ಆದರೆ ಅದನ್ನು ಮುಚ್ಚಿಟ್ಟರೆ ಮುಂದಿನ ಮಾತಿಗೆ ಬೆಲೆಯಿಲ್ಲ.

ಎರಡು ತಿಂಗಳ ಬಿಲ್ಲು ಬಂತು. ಒಂದು ಯೂನಿಟ್ಟೂ ಇಳಿದಿರಲಿಲ್ಲ. ನನ್ನ ಮೈದುನನನ್ನು ಕರೆದೆ. ಅವನು ಐಟಿಐ ಮಾಡಿ ಹೆದ್ದಾರಿ ಬದಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟವನು. ಮಲ್ಪೆಯ ತನಕ ಐಸ್ ಪ್ಲಾಂಟುಗಳ ಮೋಟಾರುಗಳು ಅವನ ಕೈಗೆ ಬರುತ್ತವೆ. ಡಬ್ಬಿಯ ನಾಲ್ಕು ಸ್ಕ್ರೂ ಬಿಚ್ಚಿ ನನ್ನೆದುರು ಇಟ್ಟ. ಒಳಗೆ ಒಂದು ಕಂಡೆನ್ಸರ್, ಒಂದು ಹಸಿರು ಎಲ್‌ಇಡಿ. ಅಷ್ಟೇ.

"ಹಾಗಾದರೆ ಮುಳ್ಳು ಇಳಿದದ್ದು ಸುಳ್ಳಾ?"

"ಸುಳ್ಳಲ್ಲ ಅತ್ತಿಗೆ. ಮುಳ್ಳು ಇಳಿದದ್ದೂ ನಿಜ, ಬಿಲ್ಲು ಇಳಿಯದ್ದೂ ನಿಜ."

ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಅವನು ನನ್ನನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಒಂದೂವರೆ ಎಚ್‌ಪಿ ಪಂಪು ಚಾಲೂ ಮಾಡಿದ. ಟಾಂಗ್ ಟೆಸ್ಟರನ್ನು ವಯರಿಗೆ ಕಚ್ಚಿಸಿದ. ಹತ್ತು ಆಂಪಿಯರ್. ವೋಲ್ಟೇಜು 230. "ಹಾಗಾದರೆ 2300 ವಾಟ್" ಎಂದು ನಾನು ಬಾಯಿಲೆಕ್ಕ ಒಪ್ಪಿಸಿದೆ. "ಅಲ್ಲ, 1840" ಎಂದ. ಮಸಿ ತುಂಡಿನಿಂದ ಬಾವಿಕಟ್ಟೆಯ ಮೇಲೆ ಎರಡು ಅಂಕಿ ಬರೆದ: 8, 6. "ಎಂಟು ಆಂಪಿಯರ್ ಕೆಲಸ ಮಾಡುವುದು. ಆರು ಸುಮ್ಮನೆ ಹೋಗಿ ಬರುವುದು. ಆದರೆ ಆ ಆರು ಇಲ್ಲದಿದ್ದರೆ ಮೋಟಾರು ತಿರುಗುವುದೂ ಇಲ್ಲ."

"ಎಂಟೂ ಆರೂ ಹದಿನಾಲ್ಕಲ್ಲವಾ?"

"ಇದರಲ್ಲಿ ಹತ್ತು. ನಿಮ್ಮ ಗಣಿತದವರೇ ಅಲ್ಲವಾ ಹಾಗೆ ಹೇಳಿಕೊಟ್ಟದ್ದು?"

ಆರು, ಎಂಟು, ಹತ್ತು. ಲಂಬಕೋನ ತ್ರಿಭುಜ. ನನ್ನ ಕಣ್ಣ ಮುಂದೆ ಇದ್ದದ್ದು ನಾನೇ ಸಾವಿರ ಸಲ ಕಪ್ಪು ಹಲಗೆಯ ಮೇಲೆ ಬರೆದ ಸಂಖ್ಯೆ: 8 − 6ಐ. ಮಸಿಯಲ್ಲಿ ಬರೆದಾಗ ಗುರುತು ಸಿಗಲಿಲ್ಲ, ಅಷ್ಟೇ.

ಇದು ನನ್ನ ಒಬ್ಬಳ ದಡ್ಡತನವಾಗಿದ್ದರೆ ಪತ್ರಿಕೆಗೆ ಬರೆಯುವ ಅಗತ್ಯವಿರಲಿಲ್ಲ. ನಾವು ಸಂಕೀರ್ಣ ಸಂಖ್ಯೆ ಕಲಿಸುವ ಕ್ರಮವೇ ಇಂಥ ದಡ್ಡರನ್ನು ತಯಾರಿಸುವಂತಿದೆ. ಮೈನಸ್ ಒಂದರ ವರ್ಗಮೂಲವನ್ನು ಐ ಎಂದು ಕರೆಯೋಣ, ಅದು ಕಾಲ್ಪನಿಕ ಸಂಖ್ಯೆ ಎಂದು ಶುರುಮಾಡುತ್ತಿದ್ದೆ. "ಇದು ಎಲ್ಲಿ ಉಪಯೋಗ ಮೇಡಂ?" ಎಂದು ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಪ್ರತಿ ವರ್ಷ ತಪ್ಪದೆ ಬರುತ್ತಿತ್ತು. "ಮುಂದೆ ಇಂಜಿನಿಯರಿಂಗಿನಲ್ಲಿ ಬರುತ್ತದೆ" ಎಂದು ಜಾರಿಕೊಳ್ಳುತ್ತಿದ್ದೆ. ಮಣಿಪಾಲಕ್ಕೆ ಇಂಜಿನಿಯರಿಂಗ್ ಓದಲು ಹೋದ ಹುಡುಗಿಯೊಬ್ಬಳು ಮೊದಲ ಸೆಮಿಸ್ಟರಿನಲ್ಲೇ ಫೋನು ಮಾಡಿ, "ಮೇಡಂ, ನೀವು ಕಲಿಸಿದ ಐ ಇಲ್ಲಿ ಜೆ ಆಗಿದೆ. ಕರೆಂಟಿಗೆ ಮೊದಲೇ ಐ ಅಂತ ಹೆಸರಿಟ್ಟುಬಿಟ್ಟಿದ್ದಾರಂತೆ" ಎಂದಿದ್ದಳು. ನಕ್ಕು ಸುಮ್ಮನಾಗಿದ್ದೆ. ಆಗಲೇ ಕಿವಿಗೊಡಬೇಕಿತ್ತು.

ಈಗ ನಿವೃತ್ತಳಾದ ಮೇಲೆ ಬೇರೆ ರೀತಿ ಕಲಿಸುತ್ತೇನೆ. ನಮ್ಮೂರಿನ ಮಹಾಲಕ್ಷ್ಮೀ ದೇವಸ್ಥಾನದ ಹತ್ತಿರ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಉಡುಪಿಗೆ ಮುಖ ಮಾಡಿ ನಿಲ್ಲಿ. ಅದು ಪ್ಲಸ್ ಒಂದು. ಮೈನಸ್ ಒಂದರಿಂದ ಗುಣಿಸುವುದೆಂದರೆ ಪೂರಾ ಹಿಂದಕ್ಕೆ ತಿರುಗಿ ಮಂಗಳೂರಿಗೆ ಮುಖ ಮಾಡುವುದು. ಮತ್ತೊಮ್ಮೆ ಮೈನಸ್ ಒಂದರಿಂದ ಗುಣಿಸಿದರೆ ಮತ್ತೆ ಉಡುಪಿಯ ಕಡೆ ಮುಖ. ಋಣ ಗುಣಿಲೆ ಋಣ ಧನ ಎಂದು ಬಾಯಿಪಾಠ ಮಾಡಿಸಿದ್ದರ ಹಿಂದೆ ಇರುವುದು ಇಷ್ಟೇ. ಈಗ ಪ್ರಶ್ನೆ: ಯಾವುದನ್ನು ಎರಡು ಸಲ ಮಾಡಿದರೆ ಉಡುಪಿಯ ಕಡೆಗಿದ್ದ ಮುಖ ಮಂಗಳೂರಿಗೆ ತಿರುಗುತ್ತದೆ? ಹೆದ್ದಾರಿಯ ಮೇಲೆ ಮುಂದೆ ಹಿಂದೆ ನಡೆಯುವವನಿಗೆ ಉತ್ತರ ಸಿಗುವುದಿಲ್ಲ. ಎಡಕ್ಕೆ ಕಾಲು ಸುತ್ತು ತಿರುಗಿದವನಿಗೆ ಸಿಗುತ್ತದೆ. ಇನ್ನೊಂದು ಕಾಲು ಸುತ್ತು ತಿರುಗಿದರೆ ಮಂಗಳೂರು. ಆ ಮೊದಲ ಕಾಲು ಸುತ್ತೇ ಐ. ಹಾಗೆ ತಿರುಗಿದಾಗ ಎದುರಿಗೆ ಇರುವುದು ಏನು? ಅರಬ್ಬೀ ಸಮುದ್ರ.

ಉಚ್ಚಿಲದವರಿಗೆ ಸಮುದ್ರ ಕಾಲ್ಪನಿಕ ಎಂದು ಹೇಳಿ ನೋಡಿ!

ಹಾಗಾದರೆ 'ಕಾಲ್ಪನಿಕ' ಎಂಬ ಹೆಸರು ಬಂದದ್ದೆಲ್ಲಿಂದ? ನನ್ನ ತವರು ಕಾರ್ಕಳ. ಗೊಮ್ಮಟನ ನೆರಳಿನಲ್ಲಿ ಬೆಳೆದವಳಿಗೆ ಮಹಾವೀರಾಚಾರ್ಯನ ಹೆಸರು ಕೇಳಿದರೆ ಒಂದು ತೂಕ ಅಭಿಮಾನ ಹೆಚ್ಚು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ' ಬರೆದ ಜೈನ ಗಣಿತಜ್ಞ ಅವನು. ಋಣ ರಾಶಿ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದು ಆ ಗ್ರಂಥದಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಅವನದು ತಪ್ಪಲ್ಲ. ಹೆದ್ದಾರಿಯ ಮೇಲೆ ನಿಂತು ನೋಡಿದರೆ ಅದು ನೂರಕ್ಕೆ ನೂರು ಸರಿ. ಯುರೋಪಿನಲ್ಲಿ ಕಾರ್ಡಾನೊ 1545ರಲ್ಲಿ ಇಂಥ ಮೂಲಗಳನ್ನು ಹಿಂಜರಿಯುತ್ತಲೇ ಲೆಕ್ಕಕ್ಕೆ ಸೇರಿಸಿಕೊಂಡ. 1637ರಲ್ಲಿ ಡೆಕಾರ್ಟ್ 'ಕಾಲ್ಪನಿಕ' ಎಂಬ ಹಣೆಪಟ್ಟಿ ಹಚ್ಚಿದ. ಆ ಪಟ್ಟಿ ಇಂದಿಗೂ ಹೋಗಿಲ್ಲ. ಇದರಿಂದಲೇ ವಿಷಯ ಮಬ್ಬಾಗಿದೆ, ಧನ, ಋಣ, ಕಾಲ್ಪನಿಕ ಎನ್ನುವ ಬದಲು ಮುಂದಿನದು, ಹಿಂದಿನದು, ಪಕ್ಕದ್ದು ಎಂಬರ್ಥದ ಹೆಸರು ಇಟ್ಟಿದ್ದರೆ ಯಾರಿಗೂ ಗೊಂದಲವಾಗುತ್ತಿರಲಿಲ್ಲ ಎಂದು 1831ರಲ್ಲೇ ಗಾಸ್ ಗೊಣಗಿದ್ದಾನೆ. ನನಗೆ ಹೆಸರಿಡುವ ಅಧಿಕಾರ ಕೊಟ್ಟರೆ 'ಪಡು ಸಂಖ್ಯೆ' ಎಂದೇ ಇಟ್ಟೇನು. ಪಕ್ಕದಲ್ಲೇ ಪಡುಬಿದ್ರಿ ಇರುವಾಗ ಪಡು ಎಂದರೆ ಯಾವ ದಿಕ್ಕು ಎಂದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಕಾಲು ಸುತ್ತಿಗೂ ಬಾವಿಯ ಪಂಪಿಗೂ ಏನು ಸಂಬಂಧ? ಅದಕ್ಕೆ ಉತ್ತರ ಕಾಪುವಿನ ದೀಪಸ್ತಂಭದಲ್ಲಿದೆ. 1901ರಿಂದ ಅಲ್ಲಿ ದೀಪ ಉರಿಯುತ್ತಿದೆ. ರಾತ್ರಿ ಉಚ್ಚಿಲದ ಕಡಲತಡಿಯಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಬೆಳಕು ಮಿನುಗಿ ಮರೆಯಾಗುತ್ತದೆ. ಬೆಳಕು ಆರಿಲ್ಲ, ತಿರುಗುವ ಬೆಳಕಿನ ಕೋಲು ನಮ್ಮ ಕಡೆಗಿಲ್ಲ ಅಷ್ಟೇ. ನಮ್ಮ ಮನೆಗೆ ಬರುವ ವಿದ್ಯುತ್ತೂ ಸೆಕೆಂಡಿಗೆ 50 ಸುತ್ತು ತಿರುಗುವ ಇಂಥದೊಂದು ಕೋಲು. ಅದು ಏರುವುದು, ಇಳಿಯುವುದು, ದಿಕ್ಕು ಬದಲಿಸುವುದು ಎಲ್ಲ ಆ ತಿರುಗುವ ಕೋಲಿನ ನೆರಳಾಟ. ಈಗ ಅದೇ ದೀಪಕ್ಕೆ ಎರಡು ಕೋಲು ಕಟ್ಟಿದ್ದಾರೆ ಎಂದುಕೊಳ್ಳಿ. ಒಂದು ವೋಲ್ಟೇಜು, ಇನ್ನೊಂದು ಕರೆಂಟು. ಬಲ್ಬು, ಇಸ್ತ್ರಿಪೆಟ್ಟಿಗೆಗಳಲ್ಲಿ ಎರಡೂ ಒಂದರ ಮೇಲೊಂದು ಕೂತು ಸುತ್ತುತ್ತವೆ. ಮೋಟಾರಿನಲ್ಲಿ ತಂತಿಯ ಸುರುಳಿ ಇದೆ. ಸುರುಳಿ ಕಾಂತಬಲ ಕಟ್ಟಿಕೊಳ್ಳಬೇಕು, ಆಮೇಲೆ ಬಿಟ್ಟುಕೊಡಬೇಕು. ಹಾಗಾಗಿ ಕರೆಂಟಿನ ಕೋಲು ವೋಲ್ಟೇಜಿನ ಕೋಲಿಗಿಂತ ಹಿಂದೆ ಬೀಳುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗುವುದರಿಂದ ನಡುವಿನ ಕೋನ ಬದಲಾಗುವುದಿಲ್ಲ. ತಿರುಗಾಟ ಮರೆತು ಕೋನವೊಂದನ್ನೇ ಹಿಡಿದುಕೊಂಡರೆ ಸಾಕು. ಕೋನ ಹಿಡಿದಿಡಲು ಸಂಕೀರ್ಣ ಸಂಖ್ಯೆಗಿಂತ ಒಳ್ಳೆಯ ಡಬ್ಬಿ ಇಲ್ಲ.

ನನ್ನ ಪಂಪಿನ ಲೆಕ್ಕ ನೋಡಿ. ಕರೆಂಟು 8 − 6ಐ. ಎಂಟು ವೋಲ್ಟೇಜಿನ ದಿಕ್ಕಿನಲ್ಲೇ ಇದೆ, ಅದು ನೀರೆತ್ತುತ್ತದೆ. ಆರು ಅದಕ್ಕೆ ಅಡ್ಡ, ನಮ್ಮ ಹೆದ್ದಾರಿಯ ಭಾಷೆಯಲ್ಲಿ ಮೂಡಕ್ಕೆ. ಅದು ಮೋಟಾರು ಲೈನಿನಿಂದ ಸೆಕೆಂಡಿಗೆ ನೂರು ಸಲ ತರುವ, ನೂರು ಸಲ ತೀರಿಸುವ ಕೈಗಡ. ಮನೆಯ ಮೀಟರು ಕೈಗಡವನ್ನು ಎಣಿಸುವುದಿಲ್ಲ, 8ನ್ನು 230ರಿಂದ ಗುಣಿಸಿ 1840 ವಾಟ್ ಮಾತ್ರ ಬರೆದುಕೊಳ್ಳುತ್ತದೆ. ಕಂಡೆನ್ಸರಿನ ಸ್ವಭಾವ ಮೋಟಾರಿಗೆ ತದ್ವಿರುದ್ಧ. ಅದರ ಕರೆಂಟು ವೋಲ್ಟೇಜಿಗಿಂತ ಕಾಲು ಸುತ್ತು ಮುಂದೆ, ಅಂದರೆ ಪಡುವಕ್ಕೆ. ಸುಮಾರು 83 ಮೈಕ್ರೋಫ್ಯಾರಡ್ಡಿನ ಕಂಡೆನ್ಸರನ್ನು ಪಂಪಿಗೆ ಸಮಾಂತರವಾಗಿ ಕಟ್ಟಿದರೆ ಅದು +6ಐ ಆಂಪಿಯರ್ ಎಳೆಯುತ್ತದೆ. ಮೂಡಣ ಆರು, ಪಡುವಣ ಆರು ವಜಾ. ಲೈನಿನಲ್ಲಿ ಉಳಿಯುವುದು ಎಂಟು. ಸಕ್ಕರೆ ಬೇಕಾದಾಗಲೆಲ್ಲ ಪೇಟೆಗೆ ಓಡುವ ಬದಲು ಪಕ್ಕದ ಮನೆಯಲ್ಲೇ ಕೈಗಡ ತಂದ ಹಾಗೆ. ಟಾಂಗ್ ಟೆಸ್ಟರು ಹತ್ತರಿಂದ ಎಂಟಕ್ಕೆ ಇಳಿಯುತ್ತದೆ. ಮೀಟರಿನ 1840 ಮಾತ್ರ ಅಲುಗುವುದಿಲ್ಲ.

ಟೈ ಕಟ್ಟಿದ ಹುಡುಗನ ಹಸಿರು ದೀಪದ ಗುಟ್ಟು ಇದು. ಗೃಹಬಳಕೆಯ ಬಿಲ್ಲಿನಲ್ಲಿ ಇಲ್ಲದ ಆರನ್ನು ಇಳಿಸಿ ತೋರಿಸಿ, ಇರುವ ಎಂಟಕ್ಕೆ ದುಡ್ಡು ಕೇಳಿದ.

ಕಂಡೆನ್ಸರೇ ಮೋಸ ಎಂದುಕೊಳ್ಳಬೇಡಿ. ಅದೇ ವಸ್ತು ಐಸ್ ಪ್ಲಾಂಟಿನಲ್ಲಿ ನಿಜವಾದ ಹಣ ಉಳಿಸುತ್ತದೆ. ಅಮೋನಿಯಾ ಕಂಪ್ರೆಸರಿನ ದೊಡ್ಡ ಮೋಟಾರುಗಳು ಹಗಲಿರುಳು ಓಡುವ ಕಡೆ ಪವರ್ ಫ್ಯಾಕ್ಟರ್, ಅಂದರೆ ಒಟ್ಟು ಹತ್ತರಲ್ಲಿ ಕೆಲಸ ಮಾಡುವ ಎಂಟರ ಪಾಲು, ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಬಿಲ್ಲಿನಲ್ಲಿ ದಂಡದ ಸಾಲು ಕಾಣಿಸಿಕೊಳ್ಳುತ್ತದೆ. ನನ್ನ ಮೈದುನನ ಅರ್ಧ ಸಂಪಾದನೆ ಇಂಥ ಕಂಡೆನ್ಸರ್ ಪ್ಯಾನೆಲ್ಲುಗಳದ್ದೇ. ಅಡಿಕೆ, ತೆಂಗಿನ ತೋಟದ ಪಂಪ್‌ಸೆಟ್ಟಿನಲ್ಲಿ ಅದು ಒಬ್ಬರ ಹಣದ ಮಾತಲ್ಲ, ಊರಿನ ಮಾತು. ತಂತಿ ಬಿಸಿಯಾಗಿ ಪೋಲಾಗುವ ವಿದ್ಯುತ್ತು ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಹತ್ತರ ವರ್ಗ 100, ಎಂಟರ ವರ್ಗ 64. ಅಂದರೆ ಆ ಪಂಪಿನ ಕರೆಂಟಿನಿಂದ ತಂತಿಯಲ್ಲಿ ಸೋರುವುದು ನೂರಕ್ಕೆ ಮೂವತ್ತಾರು ಪಾಲು ಕಡಿಮೆ. ಎಪ್ರಿಲ್‌ನಲ್ಲಿ ಎಲ್ಲರ ಪಂಪೂ ಒಟ್ಟಿಗೆ ಓಡಿ, ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗಳಲ್ಲಿ ಫ್ಯಾನು ಮುಲುಗುವಾಗ ಈ ಮೂವತ್ತಾರರ ಬೆಲೆ ಗೊತ್ತಾಗುತ್ತದೆ. "ಕನೆಕ್ಷನ್ ಕೊಡುವಾಗ ಕಂಡೆನ್ಸರ್ ಇರುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಹೋಗಿ ನೋಡಿ ಅತ್ತಿಗೆ, ಎಷ್ಟು ಕಡೆ ಉಳಿದಿರುತ್ತದೆ ಅಂತ" ಎನ್ನುತ್ತಾನೆ ಮೈದುನ. ರೈತರಿಗೆ ಆಸಕ್ತಿಯಿಲ್ಲ ಎಂದು ದೂರುವುದು ಸುಲಭ. ಅದು ಏಕೆ ಅಲ್ಲಿದೆ ಎಂದು ಅವರಿಗೆ ಯಾವ ತರಗತಿಯಲ್ಲಿ ಯಾರು ಹೇಳಿದ್ದರು?

ಈ ಲೆಕ್ಕ ಹುಟ್ಟಿದ್ದೂ ದೂರದ ತಂತಿಗಳ ಚಿಂತೆಯಿಂದಲೇ. 1893ರಲ್ಲಿ ಒಂದೇ ವರ್ಷದಲ್ಲಿ ಇಬ್ಬರು ಇದನ್ನು ಇಂಜಿನಿಯರುಗಳ ಮುಂದಿಟ್ಟರು. ಒಬ್ಬ ಆರ್ಥರ್ ಕೆನ್ನೆಲಿ. ಉಚ್ಚಿಲದ ಮನೆಮನೆಗೂ ನಂಟಿರುವ ಮುಂಬಯಿಯ ಕೊಲಾಬಾದಲ್ಲಿ 1861ರಲ್ಲಿ ಹುಟ್ಟಿದವನು. ಇನ್ನೊಬ್ಬ ಜರ್ಮನಿಯಿಂದ ಅಮೆರಿಕಕ್ಕೆ ಓಡಿಬಂದಿದ್ದ ಚಾರ್ಲ್ಸ್ ಸ್ಟೈನ್‌ಮೆಟ್ಸ್. ಷಿಕಾಗೊದ ವಿದ್ಯುತ್ ಸಮ್ಮೇಳನದಲ್ಲಿ ಅವನು ಮಂಡಿಸಿದ ಪ್ರಬಂಧ ಕಲನಶಾಸ್ತ್ರದ ಕಗ್ಗಂಟುಗಳನ್ನು ಹೈಸ್ಕೂಲಿನ ಕೂಡು ಗುಣಿಸು ಮಟ್ಟಕ್ಕೆ ಇಳಿಸಿತು. ಸ್ಟೈನ್‌ಮೆಟ್ಸ್ ಕೆಲಸಕ್ಕಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯೇ ನಮ್ಮ ಶಿವನಸಮುದ್ರಕ್ಕೆ ವಿದ್ಯುತ್ ಯಂತ್ರ ಒದಗಿಸಿತು. 1902ರಲ್ಲಿ ಅಲ್ಲಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಪರ್ಯಾಯ ವಿದ್ಯುತ್ ಹರಿಯಿತು. ಕಾಪುವಿನಲ್ಲಿ ದೀಪಸ್ತಂಭ ನಿಂತ ಮರುವರ್ಷ.

ಈಗಂತೂ ಈ ಕೋನದ ಮೇಲೆಯೇ ದೇಶ ನಿಂತಿದೆ. ಇಲ್ಲೇ ಪಕ್ಕದ ಎಲ್ಲೂರಿನ ಉಷ್ಣ ಸ್ಥಾವರದಲ್ಲಿ 600 ಮೆಗಾವಾಟಿನ ಎರಡು ಘಟಕಗಳಿವೆ. ಅವು ತಿರುಗುವಾಗ ದೇಶದ ಉಳಿದೆಲ್ಲ ದೊಡ್ಡ ಯಂತ್ರಗಳ ಜತೆ ತಾಳ ತಪ್ಪುವಂತಿಲ್ಲ. ಯಕ್ಷಗಾನದ ಹಿಮ್ಮೇಳದಲ್ಲಿ ಚೆಂಡೆಯವನೂ ಮದ್ದಳೆಯವನೂ ಭಾಗವತರ ಜಾಗಟೆಗೆ ಕಟ್ಟುಬಿದ್ದ ಹಾಗೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕೆ.ವಿ. ಲೈನು ಚಾಲೂ ಆದಾಗಲೇ ದಕ್ಷಿಣದ ಜಾಲ ಉಳಿದ ಭಾರತದ ತಾಳಕ್ಕೆ ಸೇರಿದ್ದು. ಅಂಥ ಲೈನಿನ ಎರಡು ತುದಿಗಳ ನಡುವೆ ಎಷ್ಟು ವಿದ್ಯುತ್ತು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಆ ತುದಿಗಳ ಕೋನದ ವ್ಯತ್ಯಾಸ.

ಇಷ್ಟೆಲ್ಲ ಹೇಳಿದ್ದು ಒಂದು ದೂರು ಕೊಡಲಿಕ್ಕೆ. ನಮ್ಮ ಪಿಯು ವಿಜ್ಞಾನ ವಿಭಾಗಕ್ಕೆ ಎನ್‌ಸಿಇಆರ್‌ಟಿ ಪುಸ್ತಕ. ಪ್ರಥಮ ಪಿಯು ಗಣಿತದಲ್ಲಿ ಸಂಕೀರ್ಣ ಸಂಖ್ಯೆ ಬರುತ್ತದೆ, ದ್ವಿತೀಯ ಪಿಯು ಭೌತಶಾಸ್ತ್ರದಲ್ಲಿ ಪರ್ಯಾಯ ವಿದ್ಯುತ್ ಬರುತ್ತದೆ. ಎರಡು ಪಾಠಗಳು ಒಂದೇ ಮನೆಯ ಅಣ್ಣತಮ್ಮಂದಿರು, ಆದರೆ ಮುಖ ನೋಡಿಕೊಳ್ಳುವುದಿಲ್ಲ. ಭೌತಶಾಸ್ತ್ರದ ಪುಸ್ತಕ ತಿರುಗುವ ಬಾಣಗಳನ್ನು ಬಿಡಿಸುತ್ತದೆ, ಐ ಎಂಬ ಹೆಸರೆತ್ತುವುದಿಲ್ಲ. ಕೋವಿಡ್ ನಂತರ ಹೊರೆ ಇಳಿಸುವ ಹೆಸರಿನಲ್ಲಿ ಪಠ್ಯ ಕತ್ತರಿಸಿದಾಗ ಗಣಿತದ ಪುಸ್ತಕದಿಂದ ಸಂಕೀರ್ಣ ಸಂಖ್ಯೆಯ ಧ್ರುವೀಯ ರೂಪವನ್ನೇ ತೆಗೆದುಹಾಕಿದರು. ಸಂಖ್ಯೆಯನ್ನು ಉದ್ದ ಮತ್ತು ಕೋನವಾಗಿ ನೋಡುವ ಭಾಗವೇ ಅದು. ವಿಭಾಗದ ತಲೆಬರಹದಲ್ಲಿ ಅದರ ಹೆಸರು ಇನ್ನೂ ಉಳಿದಿದೆ, ಒಳಗೆ ಕೋನವಿಲ್ಲ. ಕಾಯಿ ಒಡೆದು ತಿರುಳು ತೆಗೆದು ಗೆರಟೆಯನ್ನು ಕೈಗೆ ಕೊಟ್ಟಂತೆ.

ಹೊರೆ ಇಳಿಯಿತೇ? ನನಗೆ ಕಾಣುವುದು ಬೇರೆ. ಮಕ್ಕಳು ಈಗ ರೋಧಕಕ್ಕೊಂದು, ಸುರುಳಿಗೊಂದು, ಕಂಡೆನ್ಸರಿಗೊಂದು, ಮೂರೂ ಸೇರಿದ್ದಕ್ಕೊಂದು ಎಂದು ಸೂತ್ರಗಳನ್ನು ಉರು ಹೊಡೆಯುತ್ತಾರೆ. ಐ ಗೊತ್ತಿದ್ದರೆ ಇರುವುದು ಒಂದೇ ಸೂತ್ರ, ಹತ್ತನೆಯ ತರಗತಿಯಲ್ಲೇ ಕಲಿತ ಓಮನ ನಿಯಮ. ರೋಧದ ಜಾಗದಲ್ಲಿ ಸಂಕೀರ್ಣ ಸಂಖ್ಯೆ ಕೂತಿರುತ್ತದೆ ಅಷ್ಟೇ. ನನ್ನ ಪಂಪಿಗೆ ಅದು 18.4 + 13.8ಐ ಓಮ್. 230ನ್ನು ಅದರಿಂದ ಭಾಗಿಸಿ ನೋಡಿ, 8 − 6ಐ ತಾನಾಗಿ ಬರುತ್ತದೆ. ಇನ್ನೊಂದು ಮಾತು. ಪುಸ್ತಕದ ಲೆಕ್ಕಗಳೆಲ್ಲ ಸರಣಿ ಜೋಡಣೆಯ ಸುತ್ತಲೇ ಸುತ್ತುತ್ತವೆ. ನಮ್ಮ ಮನೆಗಳ ವಯರಿಂಗ್ ಇರುವುದು ಸಮಾಂತರ ಜೋಡಣೆಯಲ್ಲಿ. ಬಾಣ ಬಿಡಿಸಿ ಸಮಾಂತರದ ಲೆಕ್ಕ ಮಾಡುತ್ತ ಹೋದರೆ ಕಾಗದ ತುಂಬುತ್ತದೆ. ಐ ಇದ್ದರೆ ಒಂದು ಕೂಡುವ ಲೆಕ್ಕ.

ಡಾಕ್ಟರಾಗುವವರಿಗೆ ಇದೆಲ್ಲ ಯಾಕೆ, ಕಂಪ್ಯೂಟರು ಮಾಡುತ್ತದಲ್ಲ ಎಂದು ಕೇಳುವವರಿದ್ದಾರೆ. ಡಾಕ್ಟರ ಮನೆಯ ಜಗಲಿಗೂ ಹಸಿರು ದೀಪದ ಡಬ್ಬಿ ಬರುತ್ತದೆ. ಕಂಪ್ಯೂಟರು ಉತ್ತರ ಕೊಡುತ್ತದೆ, ಯಾವ ಪ್ರಶ್ನೆ ಕೇಳಬೇಕು ಎಂದು ಜಗಲಿಯಲ್ಲಿ ನಿಂತವರೇ ತಿಳಿದಿರಬೇಕು. ಅದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಜೆಇಇ ಪರೀಕ್ಷೆಯ ಪಠ್ಯಕ್ರಮದಲ್ಲಿ ಸಂಕೀರ್ಣ ಸಂಖ್ಯೆಯನ್ನು ಸಮತಲದ ಮೇಲೆ ತೋರಿಸುವ ಆರ್ಗಂಡ್ ನಕ್ಷೆ, ಕೋನ ಎಲ್ಲ ಹಾಗೆಯೇ ಇವೆ. ದುಡ್ಡು ಕೊಟ್ಟು ಕೋಚಿಂಗಿಗೆ ಹೋಗುವ ಮಗು ಅದನ್ನು ಕಲಿತೇ ಕಲಿಯುತ್ತದೆ. ಪುಸ್ತಕವನ್ನೇ ನಂಬಿದ ಸರಕಾರಿ ಕಾಲೇಜಿನ ಮೀನುಗಾರರ ಮಗಳಿಗೆ ಮಾತ್ರ ಹೊರೆ ಇಳಿಸಿದ್ದೇವೆ.

ಕೇಳುವುದು ದೊಡ್ಡದೇನಲ್ಲ. ಎನ್‌ಸಿಇಆರ್‌ಟಿ ಮನಸ್ಸು ಮಾಡುವ ತನಕ ಕಾಯದೆ ನಮ್ಮ ಪದವಿಪೂರ್ವ ಶಿಕ್ಷಣ ಇಲಾಖೆ ಹತ್ತು ಪುಟದ ಪೂರಕ ಪಾಠವೊಂದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೊಡಲಿ. ದ್ವಿತೀಯ ಪಿಯುನಲ್ಲಿ ಪರ್ಯಾಯ ವಿದ್ಯುತ್ತಿನ ಪಾಠ ಬಂದಾಗ ಗಣಿತದವರೂ ಭೌತಶಾಸ್ತ್ರದವರೂ ನಾಲ್ಕು ಪೀರಿಯಡ್ ಒಟ್ಟಿಗೆ ನಿಂತು ಕಲಿಸಲಿ. ಪ್ರಯೋಗಾಲಯಕ್ಕೆ ಒಂದು ಟಾಂಗ್ ಟೆಸ್ಟರು, ಒಂದು ಹಳೆಯ ಪಂಪಿನ ಮೋಟಾರು, ಒಂದು ಕಂಡೆನ್ಸರ್ ಬರಲಿ. ಕಲಿಸಲು ಜನ ಸಾಲದಿದ್ದರೆ ಪ್ರತಿ ಊರಿನ ವೈಂಡಿಂಗ್ ಅಂಗಡಿಯಲ್ಲೂ ಒಬ್ಬ ಮೇಷ್ಟ್ರಿದ್ದಾನೆ. ಕರೆದರೆ ಬಂದಾನು.

ಆ ಬಿಳಿ ಡಬ್ಬಿಯನ್ನು ನಾನು ಎಸೆದಿಲ್ಲ. ಪಕ್ಕದ ಮನೆಯ ಹುಡುಗಿ ದ್ವಿತೀಯ ಪಿಯು ಓದುತ್ತಿದ್ದಾಳೆ. ಮೊನ್ನೆ ಭಾನುವಾರ ಅವಳನ್ನು ಕರೆದು ಡಬ್ಬಿ ಬಿಚ್ಚಿ ತೋರಿಸಿದೆ. ಬಾವಿಕಟ್ಟೆಯ ಮೇಲೆ 8, 6 ಬರೆದೆ, ಹೆದ್ದಾರಿಯ ತನಕ ನಡೆಸಿಕೊಂಡು ಹೋಗಿ ಉಡುಪಿಗೆ ಮುಖ ಮಾಡಿ ನಿಲ್ಲಿಸಿದೆ. ಕಾಲು ಸುತ್ತು ತಿರುಗಿದಳು. ಮನೆಗಳ ಸಾಲಿನಾಚೆ ಸಮುದ್ರದ ಸದ್ದು ಬರುತ್ತಿತ್ತು. ಇನ್ನೊಂದು ಕಾಲು ಸುತ್ತು ತಿರುಗಿ ಮಂಗಳೂರಿನ ಕಡೆ ನೋಡಿದವಳು ತಟಕ್ಕನೆ ನನ್ನತ್ತ ತಿರುಗಿದಳು. ಅರ್ಥವಾದ ಮಕ್ಕಳ ಕಣ್ಣು ಹೇಗಿರುತ್ತದೆ ಎಂದು ಮೂವತ್ತೊಂದು ವರ್ಷ ಕಲಿಸಿದವರಿಗೆ ಗೊತ್ತು.

"ಇದು ಪರೀಕ್ಷೆಗೆ ಉಂಟಾ ಟೀಚರ್?" ಎಂದು ಕೇಳಿದಳು.

ಇಲ್ಲ ಎಂದು ಹೇಳಬೇಕಾಯಿತು.